ಅಪ್ಪ ಬಿಟ್ಟ ರವಿವಾರದ ಊಟ

ಮೊನ್ನೆ ಜಮಖಂಡಿಯಲ್ಲಿ ಸಹೋದ್ಯೋಗಿಯೊಬ್ಬರ ಮೊಮ್ಮಗನ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಮಾಳಿಗೆಯ ಮೇಲೆ ಶಾಮಿಯಾನ ಹಾಕಿ, ಊಟಕ್ಕೆ ಎರಡು ಕಡೆ ಟೇಬಲ್ ಇಟ್ಟಿದ್ದರು. ಒಂದು ಕಡೆಯಿಂದ ಸುಟ್ಟ ಒಣಕೊಬ್ಬರಿಯ ಮಸಾಲೆ ವಾಸನೆ ಗಾಳಿಯ ಜೊತೆ ಬಂತು. ನಾನು ತಾಟು ಹಿಡಿದು ನಡುವೆ ನಿಂತುಬಿಟ್ಟೆ. ಬಡಿಸುತ್ತಿದ್ದ ಹೆಣ್ಣುಮಗಳು, “ಮೇಡಂ, ನೀವು ವೆಜ್ಜೋ ನಾನ್‌ವೆಜ್ಜೋ ರೀ?” ಎಂದಳು. ಇಪ್ಪತ್ತೈದು ವರ್ಷ ಮಕ್ಕಳಿಗೆ ‘ಒಂದೇ ಪದದಲ್ಲಿ ಉತ್ತರಿಸಿರಿ’ ಎಂದು ಪ್ರಶ್ನೆಪತ್ರಿಕೆ ಕೊಟ್ಟವಳು ನಾನು. ನನಗೆ ಆ ಒಂದು ಪದ ಬರಲಿಲ್ಲ. ಮೊಸರನ್ನ ಹಾಕಿಸಿಕೊಂಡು ಮೂಲೆ ಹಿಡಿದೆ.

ಯಾಕೆ ಬರಲಿಲ್ಲ ಎಂಬುದನ್ನು ನಿಮಗೆ ಹೇಳಬೇಕು. ಹೇಳಬೇಕಾದರೆ ರಬಕವಿಯ ನಮ್ಮ ಮನೆಗೆ ಕರೆದುಕೊಂಡು ಹೋಗಬೇಕು.

ಅಪ್ಪ ಪವರ್‌ಲೂಮಿನಲ್ಲಿ ಸೀರೆ ನೇಯುತ್ತಿದ್ದ. ಮಗ್ಗದ ಸಪ್ಪಳದಲ್ಲಿ ಕಿವಿ ಅರ್ಧ ಮಂದವಾಗಿ, ಗುಟ್ಟಿನ ಮಾತನ್ನೂ ಓಣಿಗೆಲ್ಲ ಕೇಳುವಂತೆ ಆಡುತ್ತಿದ್ದ. ವಾರವಿಡೀ ಅವ್ವ ಹಾಕಿದ್ದನ್ನು ತಲೆ ಎತ್ತದೆ ಉಣ್ಣುವ ಅಪ್ಪ ರವಿವಾರ ಮಾತ್ರ ಬೇರೆಯೇ ಮನುಷ್ಯ. ಬೆಳಿಗ್ಗೆ ತಾನೇ ಹೋಗಿ ಮಟನ್ ತರುತ್ತಿದ್ದ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಲುಂಗಿ ಮೇಲಕ್ಕೆ ಕಟ್ಟಿ, ತಾನೇ ಮಾಡುತ್ತಿದ್ದ. ಅವ್ವನಿಗೆ ಆವತ್ತು ರೊಟ್ಟಿ ಬಡಿಯುವುದಷ್ಟೇ ಕೆಲಸ. ಸಾರು ಕುದಿಯುವಾಗ ಮುಚ್ಚಳ ತೆಗೆದು ವಾಸನೆ ನೋಡಿ, “ಆತು, ಆತು, ಇನ್ನೊಂದ್ ಉಕ್ಕು ಬರ್ಲಿ” ಅನ್ನುತ್ತಿದ್ದ. ಆ ಇನ್ನೊಂದು ಉಕ್ಕಿಗೆ ಕಾಯುತ್ತ ನಾನು ಹಸಿವಿನಿಂದ ಕುಣಿಯುತ್ತಿದ್ದೆ. ಹೌದು, ನಾನೂ ತಿನ್ನುತ್ತಿದ್ದೆ. ಎಲ್ಲರಿಗಿಂತ ಹೆಚ್ಚು.

ಎಂಟನೆಯ ಇಯತ್ತೆಯಲ್ಲಿ ಪದ್ಮಾ ನನ್ನ ಗೆಳತಿಯಾದಳು. ತೇರದಾಳದ ಕಡೆಯ ಜೈನರು. ಅವಳಪ್ಪನಿಗೆ ಪೇಟೆಯಲ್ಲಿ ಸೀರೆ ಅಂಗಡಿ. ಅವರ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದರು. ದೀಪಕ್ಕೆ ಬರುವ ಹುಳ ಅನ್ನದಲ್ಲಿ ಬಿದ್ದು ಸಾಯಬಾರದು ಎಂದು ಪದ್ಮಾ ಹೇಳಿದಾಗ ನಾನು ಬೆರಗಾಗಿದ್ದೆ. ಒಂದು ಹುಳದ ಬಗ್ಗೆಯೂ ಇಷ್ಟು ಯೋಚಿಸುವವರ ನಡುವೆ ಕುಳಿತಾಗ ನನ್ನ ಹೊಟ್ಟೆಯೇ ನನಗೆ ಹೊಲಸೆನಿಸುತ್ತಿತ್ತು. ಅವಳು ಕೇಳದಿದ್ದರೂ ನಾನಾಗಿಯೇ, “ನಮ್ಮನ್ಯಾಗೂ ಯಾರೂ ತಿನ್ನಂಗಿಲ್ಲ” ಅಂದುಬಿಟ್ಟೆ.

ಒಂದು ರವಿವಾರ ಪದ್ಮಾ ಗಣಿತದ ನೋಟ್‌ಬುಕ್ ಕೇಳಿಕೊಂಡು ನೇರ ಹಿತ್ತಲಿಗೇ ಬಂದಳು. ಅಪ್ಪ ಬೋಗುಣಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಮಗಳ ಗೆಳತಿ ಬಂದಳೆಂಬ ಸಂಭ್ರಮದಲ್ಲಿ ಅವಳು ಯಾರ ಪೈಕಿ ಎಂದೂ ಕೇಳದೆ, “ಬಾರವ್ವ ತಂಗಿ, ಛಲೋ ಹೊತ್ತಿಗೆ ಬಂದಿ ನೋಡು. ಉಂಡ ಹೋಗು!” ಎಂದು ಕೂಗಿದ. ಪದ್ಮಾ ಬೋಗುಣಿ ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ, ಮೂಗು ಮುಚ್ಚಿಕೊಳ್ಳಲಿಲ್ಲ. “ನಾ ಹೊಕ್ಕೀನಿ” ಎಂದಷ್ಟೇ ಹೇಳಿ ಹೊರಟುಹೋದಳು. ನೋಟ್‌ಬುಕ್ ನನ್ನ ಕೈಯಲ್ಲೇ ಉಳಿಯಿತು.

ನಾನು ಅಳತೊಡಗಿದೆ. ಏನೂ ತಿಳಿಯದ ಅಪ್ಪ ಸಮಾಧಾನ ಮಾಡಲು ನನ್ನ ತಲೆಯ ಮೇಲೆ ಕೈ ಇಟ್ಟ. ನಾನು ಆ ಕೈಯನ್ನು ಕೊಡವಿ, “ಮುಟ್ಟಬ್ಯಾಡ ನನ್ನ. ನಿನ್ನ ಕೈ ಹೊಲಸ ನಾರತೈತಿ” ಎಂದೆ.

ಅಪ್ಪ ಅಂಗೈಯನ್ನು ಮೂಗಿನ ಹತ್ತಿರ ತಂದು ನೋಡಿಕೊಂಡ. ಯಾವತ್ತೂ ಗಟ್ಟಿಯಾಗಿ ಮಾತಾಡುವ ಅಪ್ಪ ಆವತ್ತು ಸಂಜೆಯವರೆಗೆ ಮಾತೇ ಆಡಲಿಲ್ಲ.

ಮುಂದಿನ ರವಿವಾರ ಅವನು ಪೇಟೆಗೆ ಹೋಗಲಿಲ್ಲ. ಅವ್ವ ಕೇಳಿದ್ದಕ್ಕೆ “ಒಲ್ಲೆ ಅನಿಸೈತಿ” ಅಂದ. ಅದರ ಮುಂದಿನ ವಾರವೂ ಹಾಗೆಯೇ. ತಿಂಗಳಾದ ಮೇಲೆ ಆ ಬೋಗುಣಿಯನ್ನು ಯಾರಿಗೋ ಕೊಟ್ಟುಬಿಟ್ಟ. ನಾನೋ, ಸಾಲೆಯಲ್ಲಿ ಎಲ್ಲರ ಮುಂದೆ “ನಮ್ಮಪ್ಪ ಪೂರಾ ಬಿಟ್ಟಾನ” ಎಂದು ಹೇಳಿಕೊಂಡು ತಿರುಗಿದೆ. ಆದರೂ ಪದ್ಮಾ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಹತ್ತನೆಯ ಇಯತ್ತೆ ಮುಗಿದ ಮೇಲೆ ಅವರ ಕುಟುಂಬ ಇಚಲಕರಂಜಿಗೆ ಹೋಯಿತು.

ಇನ್ನು ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಬಿಜಾಪುರದಲ್ಲಿ ಶಿಕ್ಷಕರ ತರಬೇತಿಗೆ ಹಾಸ್ಟೆಲ್ಲಿನಲ್ಲಿದ್ದಾಗ, ಗೆಳತಿಯರ ಜೊತೆ ಹೋಗಿ ಬಿರ್ಯಾನಿ ತಿಂದೆ. ರುಚಿ ಹತ್ತಿತು. ಮದುವೆಯಾಗಿ ಬಂದ ಜಮಖಂಡಿಯ ಮನೆಯಲ್ಲೂ ರವಿವಾರ ಮಟನ್ ಆಗುತ್ತಿತ್ತು, ಮಾಡುತ್ತಿದ್ದವಳು ನಾನೇ. ಅಪ್ಪ ಬರುತ್ತಾನೆಂದರೆ ಮಾತ್ರ ಅಡುಗೆಮನೆಯ ಕಟ್ಟೆಯನ್ನು ಸಬಕಾರ ಹಚ್ಚಿ ತಿಕ್ಕಿ, ಊದಿನಕಡ್ಡಿ ಹಚ್ಚಿ, ಏನೂ ಅರಿಯದವಳಂತೆ ರೊಟ್ಟಿ-ಪಲ್ಯ ಬಡಿಸುತ್ತಿದ್ದೆ. ಬಿಟ್ಟವನ ಮನಸ್ಸಿಗೆ ನೋವಾಗಬಾರದಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಯಾರ ಸಲುವಾಗಿ ಬಿಟ್ಟ ಎಂಬುದನ್ನು ಎಂದೂ ಬಾಯಿಬಿಟ್ಟು ಕೇಳಲಿಲ್ಲ.

ಹೋದ ವರ್ಷ ಅಪ್ಪ ಹಾಸಿಗೆ ಹಿಡಿದ. ಊಟ ಸೇರದೆ ಕೈಕಾಲು ಕಡ್ಡಿಯಾದವು. ಕುರಿಕಾಲಿನ ಸೂಪ್ ಕೊಟ್ಟರೆ ಶಕ್ತಿ ಬಂದೀತು ಎಂದು ಡಾಕ್ಟರು ಹೇಳಿದರು. ನಾನು ಮಾಡಿಕೊಂಡು ಡಬ್ಬಿಯಲ್ಲಿ ರಬಕವಿಗೆ ಒಯ್ದೆ.

“ಏನಬೇ ಇದು?”

“ಸೂಪ್ ಅಪ್ಪಾ. ಡಾಕ್ಟರ್ ಹೇಳ್ಯಾರ.”

“ಯಾರ್ ಮಾಡ್ಯಾರ?”

“ನಾನ ಮಾಡೀನಿ.” ಸ್ವಲ್ಪ ತಡೆದು ಹೇಳಿದೆ, “ಭಾಳ ವರ್ಷದಿಂದ ಮಾಡ್ತೀನಿ ಅಪ್ಪಾ. ತಿಂತೀನಿ.”

ಅಪ್ಪ ನಕ್ಕ. “ಗೊತ್ತೈತಿ ತಗೋ. ನಾ ಬಂದಾಗೊಮ್ಮೆ ನಿಮ್ಮ ಅಡಗಿಮನಿ ಸಬಕಾರ ವಾಸನಿ ಹೊಡೀತಿತ್ತು. ಅಷ್ಟ್ಯಾಕ ತಿಕ್ಕ್ಯಾಳು ಅಂತ ತಿಳಿಯಂಗಿಲ್ಲೇನ ನನಗ?”

“ಮತ್ತ ನೀ ಯಾಕ ತಿನ್ನಲಿಲ್ಲ?”

ಅಪ್ಪ ಜಂತಿ ನೋಡುತ್ತ ಮಲಗಿದ್ದ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವವನಂತೆ ಅಂದ: “ನೀ ಆ ಮಾತ ತಿರುಗಿ ತಗೊಂಡಿದ್ದಿಲ್ಲಲ್ಲ.”

“ತಗೊಂಡೆ ಅಪ್ಪಾ. ಈಗ ತಗೊಂಡೆ. ಕುಡಿ.”

ಬಾಯಿ ತೆರೆದ. ಒಂದು ಚಮಚ ಕುಡಿದ, ಎರಡನೆಯದು ಗದ್ದದ ಮೇಲಿಂದ ಇಳಿಯಿತು. “ರುಚಿ ಹತ್ತವಲ್ದವ್ವ” ಎಂದು ಮುಖ ಹೊರಳಿಸಿದ. ಹತ್ತು ದಿನಕ್ಕೆ ಹೋದ.

ಆಮೇಲಿಂದ ನನಗೆ ಮಟನ್ ತಿನ್ನಲಾಗಲಿಲ್ಲ, ಬಿಟ್ಟೆ ಎನ್ನುವ ಧೈರ್ಯವೂ ಬರಲಿಲ್ಲ. ಅವ್ವನನ್ನು ಜಮಖಂಡಿಗೆ ಕರೆತಂದೆ. ಅಪ್ಪನ ನೇಮ ಅವಳದೂ ಎಂದು ತಿಳಿದು, ಮನೆಯಲ್ಲಿ ಉಳಿದವರು ತಿನ್ನುತ್ತಿದ್ದರಿಂದ ಅವಳ ಪಾತ್ರೆಗಳನ್ನೇ ಬೇರೆ ಇಟ್ಟೆ.

ಮೊನ್ನೆ ಹುಟ್ಟುಹಬ್ಬದ ಊಟದಿಂದ ಬಂದವಳು ತಾಟು ಹಿಡಿದು ನಿಂತ ಕಥೆಯನ್ನು ಅವ್ವನಿಗೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವ್ವ ಬತ್ತಿ ಹೊಸೆಯುತ್ತಿದ್ದವಳು ನಿಲ್ಲಿಸಿದಳು.

“ನಿನ್ನರ ಕೇಳ್ಯಾರಲ್ಲ. ನನ್ನ ಯಾರು ಕೇಳಿದ್ರು? ಅಂವ ಬಿಟ್ಟ, ಒಲಿ ಹೂಡೂದ ನಿಂತಿತು. ಮನ್ಯಾಗ ಒಬ್ಬಾಕಿ ಏನ ಮಾಡ್ಕೊಂಡ ತಿನ್ನಲಿ? ಒಲ್ಲೆ ಅಂತ ನಾ ಯಾವಾಗ ಅಂದಿದ್ದೆ?”

ಇಷ್ಟು ವರ್ಷ ಅಪ್ಪನ ಎದುರಿನ ತಾಟನ್ನಷ್ಟೇ ನಾನು ನೋಡಿದ್ದೆ. ಅದರ ಪಕ್ಕದಲ್ಲಿ ಇನ್ನೊಂದು ತಾಟಿತ್ತು.

ಇವತ್ತು ಮಟನ್ ತಂದು ಖಾರ ಕಡಿಮೆ ಹಾಕಿ ಮಾಡಿದೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಅವ್ವನ ಮುಂದಿಟ್ಟೆ. ಯಾರಾದರೂ ನೋಡಿಯಾರು ಎಂಬಂತೆ ತಲೆ ಬಗ್ಗಿಸಿ, ಬೇಗ ಬೇಗ ಉಂಡಳು. ಅರ್ಧಕ್ಕೆ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಂವ ಇದ್ದಾಗ ಉಣ್ಣಬೇಕಾಗಿತ್ತು” ಅಂದಳು. ಮತ್ತೆ ಉಂಡಳು.

“ಇನ್ನೇನ ಬೇಕಬೇ ಅವ್ವಾ?” ಎಂದೆ. ಕೇಳಿದ ಮೇಲೆ ಹೊಳೆಯಿತು: ಅವ್ವನಿಗೆ ಏನು ಬೇಕೆಂದು ನಾನು ಕೇಳಿದ್ದು ಇದೇ ಮೊದಲು.

ಅವ್ವ ತುತ್ತು ಕೈಯಲ್ಲಿ ಹಿಡಿದು ಬಹಳ ಹೊತ್ತು ಯೋಚಿಸಿದಳು.