ಮೂವತ್ತೆರಡು ಹೆಜ್ಜೆಯ ಹಗ್ಗ

ಸೋಲಾಪುರದ ನವಿ ಪೇಠದ ಅಂಗಡಿಗಳ ಶಟರು ಏಳಲು ಇನ್ನೂ ನಾಲ್ಕು ತಾಸು ಇದೆ. ಬಟ್ಟೆ ಅಂಗಡಿಯೊಂದರ ಹಿಂದಿನ ಖೋಲಿಯಲ್ಲಿ ಐವತ್ತೊಂಬತ್ತರ ಸುಮಿತ್ರಾಬಾಯಿ ನೆಲಕ್ಕೆ ಕೂತು ಜೋಳ ತುಂಬುತ್ತಿದ್ದಾರೆ. ಚೀಲಕ್ಕಲ್ಲ, ಮೊಣಕಾಲಿಗೆ ಕಟ್ಟುವ ಬಟ್ಟೆಯ ಪಟ್ಟಿಗೆ. ಇಲಿ ಎರಡು ಪಟ್ಟಿ ಕಡಿದು ಹಾಕಿದೆ. "ಮುದುಕರ ಪಾಲಿಂದು ತಿಂದ್ರ ಯಾರೂ ಕೇಳಂಗಿಲ್ಲಂತ ಇಲಿಗೂ ಗೊತ್ತಾಗೈತಿ ನೋಡ್ರಿ," ಎಂದು ಹರಿದ ಬಾಯಿಗೆ ಹೊಲಿಗೆ ಹಾಕುತ್ತಾರೆ. ಮೇಣದ ಕಾಗದ ಅಂಟಿಸಿದ ಆರು ಹಳೆಯ ಚಷ್ಮಾ, ಒಂದು ಹಿಡಿ ಹತ್ತಿ, ಒಂದು ಹಿತ್ತಾಳೆ ತಂಬಿಗೆ ಕೈಚೀಲ ಸೇರುತ್ತವೆ. ಆರೂಕಾಲಿನ ಎಸ್.ಟಿ. ಬಸ್ಸು ತಪ್ಪಿದರೆ ಬೋರಾಮಣಿಯ ಮುಂಜಾನೆ ಶಾಲೆ ತಪ್ಪಿದಂತೆ.

ಶಾಲೆಯ ಅಂಗಳದಲ್ಲಿ ಐದನೆಯ ತರಗತಿಯ ಆಕಾಶನಿಗೆ ಇವತ್ತು ಮುಪ್ಪು. ಎರಡೂ ಮೊಣಕಾಲಿಗೆ ಜೋಳದ ಪಟ್ಟಿ ಬಿಗಿಯುತ್ತದೆ, ಮಸುಕು ಚಷ್ಮಾ ಏರುತ್ತದೆ, ಕಿವಿಗೆ ಹತ್ತಿ, ಕೈಗೆ ತುಂಬಿದ ತಂಬಿಗೆ. ನೀರು ಚೆಲ್ಲದೆ ಇಪ್ಪತ್ತು ಹೆಜ್ಜೆ ನಡೆಯಬೇಕು.

"ಏ ಮುದ್ಯಾ, ಲಗೂನ ಬಾರೋ, ಎಸ್.ಟಿ. ಹೊಂಟೈತಿ!" ಹುಡುಗರು ಕೇಕೆ ಹಾಕುತ್ತಾರೆ.

"ಯಾರು ಜೋರ್ ನಗತೀರಿ, ಮುಂದಿನ ಪಾಳಿ ಅವರದ," ಎನ್ನುತ್ತಾರೆ ಸುಮಿತ್ರಾಬಾಯಿ. ನಗು ಅರ್ಧಕ್ಕೆ ನಿಲ್ಲುತ್ತದೆ. ಹನ್ನೆರಡನೆಯ ಹೆಜ್ಜೆಗೆ ಆಕಾಶ ಮುಗ್ಗರಿಸುತ್ತಾನೆ. ತಂಬಿಗೆಯಲ್ಲಿ ಅರ್ಧ ನೀರೂ ಉಳಿದಿಲ್ಲ.

"ಬಾಯಿ, ನಮ್ಮ ಮುತ್ಯಾ ದಿನಾ ಹಿಂಗ ನಡೀತಾನೇನ್ರಿ?" ಎಂದು ಅಜ್ಜನನ್ನು ನೆನೆದು ಕೇಳುತ್ತಾನೆ.

"ನಿಂದು ಈಗ ಬಿಚ್ಚತೀನಿ. ಮುತ್ಯಾಂದು ಬಿಚ್ಚಾಕ ಬರಂಗಿಲ್ಲಪಾ."

ಆಮೇಲೆ ಎಲ್ಲರನ್ನೂ ಬೇವಿನ ನೆರಳಿಗೆ ಕೂರಿಸುತ್ತಾರೆ. "ಮುಪ್ಪು ಅರವತ್ತಕ್ಕ ಬಂದು ಬಾಗಲಾ ಬಡಿಯಂಗಿಲ್ಲ. ಇವತ್ತ ನೀವು ಓಡಿದ ಓಟ, ತಿಂದ ಶೇಂಗಾ ರೊಟ್ಟಿ ಎಲುಬಿನಾಗ ಕೂಡತಾವ. ಬಾಯಾಗ ತಂಬಾಕ ಒಗದ್ರ ಅದೂ ಕೂಡತೈತಿ." ಕೊನೆಗೆ ಮನೆಗೆಲಸ. ಮನೆಯ ಹಿರಿಯರನ್ನು ಕೇಳಿ ವಹಿಯಲ್ಲಿ ಬರೆದು ತರಬೇಕು: ಏನು ಬಿಟ್ಟೀರಿ? ಯಾಕೆ ಬಿಟ್ಟೀರಿ? ಗುಡಿ ಬಿಟ್ಟೆ, ಮೆಟ್ಟಿಲು ಎತ್ತರ. ಭಜನೆ ಬಿಟ್ಟೆ, ಕೇಳಿಸುವುದಿಲ್ಲ. ಹನ್ನೊಂದು ವರ್ಷದ ವಹಿಗಳಲ್ಲಿ ಇಂಥವೇ ಸಾಲುಗಳು.

ಈ ಜನವರಿಯವರೆಗೂ ವಾರಕ್ಕೆ ಐದು ಕನ್ನಡ ಶಾಲೆ, ದಿನಕ್ಕೆ ಮೂರು ತಾಸು ಬಸ್ಸು. ಇದಕ್ಕೆ ಸಂಬಳವಿಲ್ಲ, ಆದೇಶವಿಲ್ಲ, ಗುರುತಿನ ಚೀಟಿಯೂ ಇಲ್ಲ. ಮಧ್ಯಾಹ್ನದಿಂದ ಗಂಡ ಯೋಗಿರಾಜರ ಅಂಗಡಿಯ ಹಿಂದೆ ಸೀರೆಗೆ ಫಾಲ್ ಹಚ್ಚುವುದು, ದಿನಕ್ಕೆ ಮೂವತ್ತು ಸೀರೆ. ಸೊಂಟ ಈಗಾಗಲೇ ಬಾಗಿದೆ.

ಈ ಪಾಠ ಅವರಿಗೆ ಯಾರೂ ಕಲಿಸಲಿಲ್ಲ. ಅತ್ತೆ ಗಂಗುಬಾಯಿಯ ಸಾವು ಕಲಿಸಿತು. ಆಗ ಮನೆ ಮಹಡಿಯ ಮೇಲೆ, ಸಂಡಾಸ ಕೆಳಗೆ, ನಡುವೆ ಹದಿನೈದು ಕಟ್ಟಿಗೆಯ ಮೆಟ್ಟಿಲು. ದೀಪ ಹಚ್ಚಿದ ಮೇಲೆ ನೀರು ಮುಟ್ಟುವುದಿಲ್ಲ ಎಂದು ಗಂಗುಬಾಯಿ ನೇಮ ಹಿಡಿದರು. ಮನೆಗೆ ಹೆಮ್ಮೆಯೋ ಹೆಮ್ಮೆ. ಸೀರೆ ಕೊಳ್ಳಲು ಬಂದವರು ಮಹಡಿ ಹತ್ತಿ ಕಾಲಿಗೆ ಬೀಳುತ್ತಿದ್ದರು. ಆರು ವರ್ಷ ಹೀಗೆ ನಡೆಯಿತು. ಮೂತ್ರದ ಸೋಂಕು ರಕ್ತಕ್ಕೇರಿ ದವಾಖಾನೆಗೆ ಒಯ್ದಾಗ ಡಾಕ್ಟರು ನೀರಿನ ಲೆಕ್ಕ ಕೇಳಿದರು. ಸೊಸೆ ಅಭಿಮಾನದಿಂದಲೇ ನೇಮದ ಮಾತು ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟು ಅತ್ತೆಯತ್ತ ತಿರುಗಿದರು.

"ಆಗ ನಮ್ಮತ್ತಿ ಏನಂದ್ಳು ಗೊತ್ತೈತೇನ್ರಿ? 'ನೇಮ ಎಲ್ಲೀದಪ್ಪಾ, ರಾತ್ರಿ ಮೆಟ್ಟಲಾ ಇಳಿಯಾಕ ಅಂಜಿಕಿ ಬರತೈತಿ.' ಒಂಬತ್ತನೇ ದಿನಕ್ಕ ಹೋದ್ಳು. ಆರು ವರ್ಷ ನಾ ಆಕಿ ಕಾಲಿಗಿ ಬಿದ್ದೆ. ಒಂದು ದಿನಾನೂ ಕೈ ಹಿಡೀಲಿಲ್ಲ."

ಅದೇ ನೇಮ ಈ ಜನವರಿಯಲ್ಲಿ ಮತ್ತೆ ಎದುರಿಗೆ ಬಂತು, ನಾಗಣಸೂರಿನ ಆಚೆಯ ಒಂದು ಊರಿನಲ್ಲಿ. ಐದನೆಯ ತರಗತಿಯ ಪ್ರಣಿತಾ ಅಜ್ಜಿಯ ಬಗ್ಗೆ ವಹಿಯಲ್ಲಿ ಬರೆದಳು: "ನಮ್ಮ ಆಯಿ ಗುರುಲಿಂಗಮ್ಮ ಸಂಜೆ ನೀರು ಬಿಟ್ಟಾಳೆ. ಎಲ್ಲರೂ ನೇಮ ಅಂತಾರೆ. ನಾನು ಕೇಳಿದೆ. ಸಂಡಾಸ ದೂರ, ಒಮ್ಮೆ ಬಿದ್ದಾಳೆ. ಮಂಚದಿಂದ ಮೂವತ್ತೆರಡು ಹೆಜ್ಜೆ. ನಾನು ಎಣಿಸಿದೆ."

ಪ್ರಣಿತಾಳ ಅಪ್ಪ ಶಿವಶರಣಪ್ಪ ಶಾಲೆಯ ಸಮಿತಿಯ ಅಧ್ಯಕ್ಷರು. ನಲವತ್ತು ಎಕರೆ, ಎರಡು ಟ್ರ್ಯಾಕ್ಟರ್, ದೇವರ ಖೋಲಿಗೆ ಹೊಸ ಅಮೃತಶಿಲೆ. ಹೆತ್ತವಳ ಸಂಡಾಸ ಮಾತ್ರ ದನದ ಕೊಟ್ಟಿಗೆಯ ಹಿಂದೆ! ವರ್ಷಕ್ಕೊಮ್ಮೆ ಹಿರಿಯರಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುವ ಊರು ಇದು. ಶಾಲಿನ ಮೇಲೆ ನಗುವ ಮುಖದಲ್ಲಿ ಒಣಗಿದ ನಾಲಿಗೆ ಯಾರಿಗೆ ಕಾಣುತ್ತದೆ? ವಹಿ ಓದಿದ ದಿನವೇ ಅಧ್ಯಕ್ಷರು ಪಾಠ ನಿಲ್ಲಿಸಿದರು. ಐದು ಶಾಲೆ ನಾಲ್ಕಾದವು.

ಕಳೆದ ವಾರ ಸುಮಿತ್ರಾಬಾಯಿ ಹೋಗಿ ಕೇಳಿಕೊಂಡರು.

"ಬಾಯಾರ, ನಮ್ಮವ್ವನ ನೇಮ ಊರೆಲ್ಲಾ ಹೊಗಳತೈತಿ. ನೀವು ಅದನ್ನ ಒಯ್ದು ಸಂಡಾಸಕ್ಕ ಹಚ್ಚಿದ್ರಿ," ಎಂದರು ಶಿವಶರಣಪ್ಪ. "ಪಟ್ಟಿ ಕಟ್ಟರಿ, ನಡಸರಿ, ನಗಸರಿ. ಬ್ಯಾಡ ಅನ್ನಂಗಿಲ್ಲ. ಆ ಪ್ರಶ್ನಿ ಒಂದು ಕೇಳಬ್ಯಾಡರಿ."

"ಪ್ರಶ್ನಿ ಬಿಟ್ಟರ ಉಳದದ್ದು ಬರೇ ಸೋಂಗ ಆಗತೈತ್ರಿ ಮಾಲಕರ."

"ಹಂಗಾರ ಬರಬ್ಯಾಡರಿ."

ಚೀಲ ಎತ್ತಿಕೊಂಡು ಹೊರಬಿದ್ದರು. ಶಾಲೆಯ ಗೇಟಿನ ಹತ್ತಿರ ಪ್ರಣಿತಾ ಕಾದಿದ್ದಳು. "ಬಾಯಿ, ಆಯಿ ಈಗ ಸಂಜಿಗೆ ಒಂದು ತಂಬಿಗಿ ನೀರು ಕುಡೀತಾಳ್ರಿ. ನಾ ಕೈ ಹಿಡಕೊಂಡು ಹೋಗತೀನಿ." ಆಮೇಲೆ ದನಿ ಇಳಿಸಿದಳು. "ಖರೆ ಜೂನ್‌ದಾಗ ನನ್ನ ಸೋಲಾಪುರ ಹಾಸ್ಟೆಲಿಗೆ ಹಾಕತಾರಂತ್ರಿ."

ಹತ್ತು ವರ್ಷದ ಕೈಯೊಂದು ಹೊತ್ತದ್ದನ್ನು ನಲವತ್ತು ಎಕರೆಯ ಮನೆ ಹೊರಲಿಲ್ಲ. ಆ ಕೈಯೂ ಜೂನ್‌ಗೆ ಇರುವುದಿಲ್ಲ. ಮತ್ತೆ ನೇಮ ಶುರುವಾಗುತ್ತದೆ, ಮತ್ತೆ ಊರು ಹೊಗಳುತ್ತದೆ.

ಬೋರಾಮಣಿಯಿಂದ ಮರಳುವ ಬಸ್ಸಿನಲ್ಲಿ ಸುಮಿತ್ರಾಬಾಯಿಯ ಮಡಿಲ ತುಂಬ ಬಣ್ಣಬಣ್ಣದ ಹಗ್ಗ. ಫಾಲ್ ಕತ್ತರಿಸಿ ಉಳಿದ ತುಂಡುಗಳನ್ನು ಜಡೆಯಂತೆ ಹೆಣೆದು, ನಡುನಡುವೆ ಹೊಲಿಗೆ ಹಾಕಿದ್ದಾರೆ. ಮಂಚದಿಂದ ಸಂಡಾಸದ ಬಾಗಿಲವರೆಗೆ ಗೋಡೆಗುಂಟ ಬಿಗಿದರೆ ಗುರುಲಿಂಗಮ್ಮ ಹಿಡಿದು ನಡೆಯಬಹುದು. ಗೂಟ ಹೊಡೆಯಲು ಪ್ರಣಿತಾಳ ಅವ್ವ ಶಾರದಾಬಾಯಿ ಒಪ್ಪಿದ್ದಾರಂತೆ.

"ಮಾಲಕರು ಕೇಳಿದ್ರ ಅರಿಬಿ ಒಣ ಹಾಕೂ ಹಗ್ಗ ಅಂತ ಹೇಳತಾಳಂತ್ರಿ," ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ನಗು ಬೇಗ ಆರುತ್ತದೆ. ಬೆರಳು ಮಾತ್ರ ನಿಲ್ಲುವುದಿಲ್ಲ.

"ಇಪ್ಪತ್ತಾರು ಹೆಜ್ಜಿ ಆಗೈತ್ರಿ. ಇನ್ನ ಆರು ಐತಿ, ಜೂನ್ ಬರೂದರೊಳಗ ಮುಗಸ್ತೀನಿ." ಹೆಣೆದ ತುದಿಯನ್ನು ಮೊಣಕಾಲಿಗೆ ಸುತ್ತಿ ಎರಡೂ ಕೈಯಿಂದ ಜಗ್ಗಿ ನೋಡುತ್ತಾರೆ. "ಮೂವತ್ತು ವರ್ಷ ಆತು, ನನ್ನ ಹೊಲಿಗಿ ಬಿಚ್ಚೇತಿ ಅಂತ ಒಂದು ಸೀರಿನೂ ತಿರುಗಿ ಬಂದಿಲ್ರಿ."