ಹೂವಿನ ತಲೆಕಟ್ಟು

ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸದಾ ಒಂದು ಸೀಸದ ಅಕ್ಷರ ಉರುಳುತ್ತಿರಬೇಕು, ಇಲ್ಲದಿದ್ದರೆ ಅಚ್ಚಿನ ದೊಡ್ಡಪ್ಪನಿಗೆ ಉಸಿರೇ ಆಡುತ್ತಿರಲಿಲ್ಲ. ಚಿಂತಾಮಣಿಯಲ್ಲಿ ನಮ್ಮ ಮನೆಗೂ ಅವರ ಪ್ರೆಸ್ಸಿಗೂ ಒಂದೇ ಗೋಡೆ. ಕೂತಲ್ಲಿ ಕೂರುವ ಜನವಲ್ಲ. ಊಟದ ನಡುವೆ ಎದ್ದುಹೋಗಿ ಪ್ರೂಫ್ ನೋಡಿ ಬರುತ್ತಿದ್ದರು. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟವ್ರೆ," ಎಂದು ದೊಡ್ಡಮ್ಮ ಗೊಣಗುವರು.

ಅವರು ಸುಮ್ಮನೆ ನಿಂತು ನೋಡುತ್ತಿದ್ದುದು ಹೂವಿನಕ್ಷರದ ಪೆಟ್ಟಿಗೆಯನ್ನು ಮಾತ್ರ. ದಪ್ಪನೆಯ ಅಕ್ಷರಗಳು, ತಲೆಕಟ್ಟಿನ ತುದಿಗೆ ಮೊಗ್ಗಿನಂಥ ಸುರುಳಿ, ಹೊಟ್ಟೆಯೊಳಗೆ ಸಣ್ಣ ಬಳ್ಳಿ. ಒಂದು ಪದವಾದರೆ ಬೀದಿಯಾಚೆಯಿಂದಲೂ ಕಣ್ಣು ಸೆಳೆಯುತ್ತಿತ್ತು. ಇಡೀ ಸಾಲು ಜೋಡಿಸಿದರೆ, ಮೈತುಂಬ ಒಡವೆ ಹೇರಿಕೊಂಡವರು ಬಸ್ಸಿನ ಒಂದೇ ಸೀಟಿನಲ್ಲಿ ಒತ್ತಿ ಕೂತ ಹಾಗೆ. ಅದಕ್ಕೇ ನಾಟಕದ ಕರಪತ್ರವಿರಲಿ, ಚುನಾವಣೆಯದಿರಲಿ, ಹಾಳೆಗೆ ಒಂದೇ ಪದ. "ಎಲ್ರೂ ಕೂಗಿದ್ರೆ ಯಾರ ಮಾತು ಕೇಳ್ಸುತ್ತೆ?" ಎನ್ನುವರು. ಮದುವೆ ಪತ್ರಿಕೆಯಲ್ಲಿ ಆ ಪದ ಹುಡುಗಿಯ ಹೆಸರು.

ನನ್ನ ಮದುವೆಯಲ್ಲಿ ಅದೇ ತಕರಾರಾಯಿತು. ಗೌರಿಬಿದನೂರಿನಿಂದ ಬಂದ ಬೀಗರು ಹೂವಿನಕ್ಷರ ತಮ್ಮ ಹೆಸರಿಗೇ ಬೇಕೆಂದು ಪಟ್ಟು ಹಿಡಿದರು. "ಹಾಕ್ಬಿಡಣ್ಣ, ಸಂಬಂಧ ಕೆಡುತ್ತೆ," ಎಂದು ಅಪ್ಪ ಬೆವೆತುಹೋದರು. ದೊಡ್ಡಪ್ಪ ಬಾಗಿಲಿಗೂ ಯಂತ್ರಕ್ಕೂ ಶತಪಥ ಹಾಕಿದರು. ಕದದ ಹಿಂದೆ ನಿಂತ ನನಗೆ ಸಂಬಂಧ ಮುರಿದೀತೆಂಬ ಭಯ. ಆ ಅಕ್ಷರದ ಆಸೆಯೂ ಬಿಡದು.

"ಸ್ವಾಮಿ, ನಿಮ್ಮ ಹೆಸರು ಊರಿಗೇ ಗೊತ್ತು. ಈ ಮಗು ಹೆಸರು ಅಚ್ಚಾಗೋದು ಇದೊಂದೇ ಸಲ. ಮದುವೆ ಆದ್ಮೇಲೆ ನಿಮ್ಮ ತಾಯಿ ಹೆಸರು ಎಲ್ಲಾದ್ರೂ ಅಚ್ಚಾಗಿತ್ತಾ?" ಎಂದರು ದೊಡ್ಡಪ್ಪ.

ಬೀಗರು ಪಟ್ಟು ಸಡಿಲಿಸಿದರು. "ಪೋನೀಲೆಂಡಿ," ಎಂದರು ತಮ್ಮ ಮನೆಮಾತು ತೆಲುಗಿನಲ್ಲಿ. ಹೋಗಲಿ ಬಿಡಿ ಅಂತ.

ಅವರ ಮನಸ್ಸು ಬದಲಾದೀತೆಂಬ ಆತುರದಲ್ಲಿ ದೊಡ್ಡಪ್ಪ ಪ್ರೂಫೂ ನೋಡದೆ ಒತ್ತಿಯೇಬಿಟ್ಟರು. ಪತ್ರಿಕೆ ಹಂಚಿದ ಮೇಲೆ ಕಂಡಿತು: ನನ್ನ ಹೆಸರು 'ನಾಗರತ್ನ'ದ ನಡುವಿನ ರ ತೆಲುಗಿನದು, ತಲೆಯ ಮೇಲೆ ಸರಿ ಗುರುತಿನಂಥ ಗೀಟು. ತೆಲುಗು ಪತ್ರಿಕೆಗಳಿಗೆಂದು ಪಕ್ಕದಲ್ಲೇ ಇಟ್ಟಿದ್ದ ತೆಲುಗು ಹೂವಿನಕ್ಷರದ ಪೆಟ್ಟಿಗೆಗೆ ದೊಡ್ಡಪ್ಪನ ಕೈ ಹೋಗಿತ್ತು. ಅವರ ಪೇಚಾಟ ನೋಡಲಾರದೆ ನಾನೇ ಸಮಾಧಾನ ಹೇಳಿದೆ.

ನನ್ನನ್ನು ಕಾಡಿದ್ದು ಆ ರ ಅಲ್ಲ, 'ಇದೊಂದೇ ಸಲ' ಎಂಬ ಮಾತು. ಗೌರಿಬಿದನೂರಿನಲ್ಲಿ ಒಲೆ ಮುಂದೆ ಕೂತರೂ ಅದೇ, ನೀರು ಸೇದಿದರೂ ಅದೇ. ಆ ಚಡಪಡಿಕೆಯಲ್ಲೇ ಕಥೆ ಬರೆದೆ, ಹರಿದೆ, ಮತ್ತೆ ಬರೆದೆ. ಕೊನೆಗೊಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಹಿಡಿದು ಚಿಂತಾಮಣಿಗೆ ಓಡಿದೆ.

ದೊಡ್ಡಪ್ಪ ಹಾಸಿಗೆ ಹಿಡಿದಿದ್ದರು. ಬೆರಳುಗಳು ಮಾತ್ರ ಹೊದಿಕೆಯ ಅಂಚನ್ನು ಉರುಳಿಸುತ್ತಲೇ ಇದ್ದವು. ಪುಟ ತೋರಿಸಿದೆ. ಕಥೆ ಬಿಟ್ಟು ನನ್ನ ಹೆಸರು ಓದಿದರು. ಸಾದಾ ಅಕ್ಷರ, ಹೂವಿಲ್ಲ, ಬಳ್ಳಿಯಿಲ್ಲ.

"ಒಂದೇ ಸಲ ಅಂದಿದ್ರಲ್ಲ ದೊಡ್ಡಪ್ಪ?"

"ತಪ್ಪಾಯ್ತು ಕಣಮ್ಮ," ಎಂದು ಹೆಸರಿನ ಮೇಲೆ ಬೆರಳಿಟ್ಟರು. "ಈ ಸಲ ರ ನಮ್ದೇ ಬಿದ್ದದೆ."

ಬೆರಳು ಅಲ್ಲೇ ನಿಂತಿತು. ಅದು ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ತಿಂಗಳೇ ಅವರು ಹೋದರು. ಈಗ ನನ್ನ ಹೆಸರು ಎಲ್ಲಿ ಅಚ್ಚಾದರೂ ಕಣ್ಣು ಮೊದಲು ರ ಹುಡುಕುತ್ತದೆ. ಅದರ ತಲೆಯ ಮೇಲೆ ತೆಲುಗಿನ ಗೀಟಿಲ್ಲದ್ದು ಕಂಡು, ದೊಡ್ಡಪ್ಪನ ಕೈ ತಪ್ಪಿದ ಹಾಗೆ, ಪೆನ್ನಿನಿಂದ ನಾನೇ ಒಂದು ಎಳೆದುಬಿಡುತ್ತೇನೆ.