ಇನ್ನೊಬ್ಬರು ನೋಡಲಿ

ಅಕ್ಕೋರು ಕನ್ನಡಕವನ್ನು ಹಣೆಗೇರಿಸಿ, ಮೂಗುತಿ ಪರದೆಗೆ ತಾಗುವಷ್ಟು ಕಂಪ್ಯೂಟರಿನ ಮೇಲೆ ಬಾಗಿ ಓದುತ್ತಿದ್ದರು. ಒಂದು ಸಾಲು ಮನಸ್ಸಿಗೆ ಒಪ್ಪಿದರೆ ಗಂಟಲಲ್ಲೇ ‘ಹೂಂ’ ಎನ್ನುವರು. ಆ ‘ಹೂಂ’ ಬಾರದೆ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ.

ಕಲಬುರಗಿಯ ಶಹಾಬಜಾರದ ಶಾಲೆಯಲ್ಲಿ ನನಗೆ ಗಣಿತ ಕಲಿಸಿದವರು. ಎರಡು ಸಾವಿರದ ಇಸವಿ ದಾಟಿದ ಮೇಲೆ, ನಾನು ಕಮಲಾಪುರದ ಹೈಸ್ಕೂಲಿನಲ್ಲಿ ಶಿಕ್ಷಕಿಯಾಗಿದ್ದಾಗ, ಮತ್ತೆ ಅವರ ಶಿಷ್ಯೆಯಾದೆ. ಕನ್ನಡ ಟೈಪ್ ಮಾಡುವ ಒಂದು ಪ್ರೋಗ್ರಾಮನ್ನು ಬೇರೆ ಬೇರೆ ಊರಿನ ಆರೇಳು ಮಂದಿ ಬಿಡುವಿನ ವೇಳೆಯಲ್ಲಿ ಕಟ್ಟುತ್ತಿದ್ದರು. ಅದು ಎಲ್ಲರಿಗೂ ಬಿಟ್ಟಿ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಆದರೆ ಒಬ್ಬರು ತಿದ್ದಿದ್ದನ್ನು ಇನ್ನಿಬ್ಬರು ಒಪ್ಪಿದ ಮೇಲೆಯೇ ಹೊರಗೆ ಬಿಡುವುದು. ಆ ಕಟ್ಟಳೆಯನ್ನು ಕಾಯುತ್ತಿದ್ದವರು ಅಕ್ಕೋರು; ಅವರಿಂದ ಕಲಿಯುತ್ತ ನಾನೂ ಸೇರಿಕೊಂಡೆ.

ಆಗ ಒಂದು ದೋಷ ಕಾಡುತ್ತಿತ್ತು. ಉಳಿಸಿದ ಬರಹವನ್ನು ಮತ್ತೆ ತೆರೆದರೆ ಅರ್ಕಾವೊತ್ತು ಹಾರಿಹೋಗಿ ಸೂರ್ಯಕಾಂತ ಸೂಯಕಾಂತನಾಗುತ್ತಿದ್ದ. ನಾನು ತಿದ್ದಿ ಕಳಿಸಿದೆ. ತಿಂಗಳಾದರೂ ಬೇರೆ ಊರಿನವರ ಉತ್ತರವಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರುಪಟ್ಟಿ ಕಳಿಸುವ ದಿನ ಹತ್ತಿರ ಬಂತು.

“ಅಕ್ಕೋರೆ, ನೀವು ನೋಡೀರಲ್ರೀ, ಹೊರಗ ಬಿಟ್ಟಬಿಡ್ರಿ.”

“ನಾ ಒಬ್ಬಾಕಿ ನೋಡೀನಿ. ಇನ್ನೊಬ್ರು ನೋಡ್ಲಿ.”

“ಯಾವಾಗ ನೋಡ್ತಾರ? ನಮ್ಮ ಪರೀಕ್ಷಾ ಮುಗದ ಮ್ಯಾಲೇನು?”

“ಒಬ್ಬಾತನ ಹೆಂಡ್ತಿ ದವಾಖಾನ್ಯಾಗ ಅದಾಳ. ಇನ್ನೊಬ್ಬಾತಗ ಎರಡು ಪಾಳಿ ಕೆಲ್ಸ. ಪಗಾರಕ್ಕಲ್ಲವ್ವಾ, ಪ್ರೀತಿಲೆ ಮಾಡಾಕತ್ತಾರ. ಲಗೂ ಮಾಡ್ರಂತ ಯಾವ ಬಾಯಿಲೆ ಹೇಳ್ಲಿ?”

ಸಿಟ್ಟಿನಲ್ಲಿ ಎದ್ದು ಬಂದೆ. ಯಾರಿಗೂ ಹೇಳದೆ ನನ್ನ ತಿದ್ದುಪಡಿಯನ್ನು ಶಾಲೆಯ ಕಂಪ್ಯೂಟರಿಗೆ ಹಾಕಿ ಪಟ್ಟಿ ಸಿದ್ಧಪಡಿಸಿದೆ.

ಪಟ್ಟಿ ಕಲಬುರಗಿಯ ಕಚೇರಿಗೆ ಮುಟ್ಟಬೇಕಾದ ದಿನ ಬೆಳಿಗ್ಗೆ ಪ್ರಿಂಟ್ ತೆಗೆದು ನೋಡಿದೆ. ಅರ್ಕಾವೊತ್ತು ಸರಿಯಾಗಿ ಕುಳಿತಿತ್ತು; ಆದರೆ ಅದಿರುವ ಪ್ರತಿ ಹೆಸರಿನ ಮುಂದಿನ ಹೆಸರೇ ಮಾಯವಾಗಿತ್ತು. ಹೆಡ್‌ಮಾಸ್ತರರು ಗಡಿಯಾರ ನೋಡಿದರು. “ಐದರೊಳಗ ಕೊಡಲಿಲ್ಲಂದ್ರ ಈ ಮಕ್ಳು ಪರೀಕ್ಷಾಕ್ಕ ಕೂಡಂಗಿಲ್ರಿ.”

ಫೋನಿನಲ್ಲಿ ನನ್ನ ದನಿ ಕೇಳಿ ಅಕ್ಕೋರು ರಜೆ ಹಾಕಿ, ಸಿಕ್ಕ ಟೆಂಪೋ ಹತ್ತಿ ಬಂದರು. ಬೈಯಲಿಲ್ಲ. ಹಾಜರಿ ಪುಸ್ತಕ ಹಿಡಿದು ಕುಳಿತು “ಬರಿ” ಎಂದರು. ಅವರು ಓದಿದರು, ನಾನು ಕೈಯಿಂದ ಬರೆದೆ. ಚಿತ್ತಾಗಿ ಎರಡು ಹಾಳೆ ಕೆಟ್ಟವು. ನಾನೆಷ್ಟು ಅವಸರಪಡಿಸಿದರೂ ಪ್ರತಿ ಹೆಸರನ್ನೂ ಎರಡೆರಡು ಸಲ ಓದಿದರು. ಮೂರರ ಬಸ್ಸು ಹಿಡಿದೆವು. ಮಹಾಗಾಂವದ ಹತ್ತಿರ ತೊಗರಿ ತುಂಬಿದ ಟ್ರ್ಯಾಕ್ಟರಿನ ಹಿಂದೆ ಬಸ್ಸು ತೆವಳತೊಡಗಿದಾಗ ನಾನು ಎದ್ದು ನಿಂತುಬಿಟ್ಟೆ.

“ಕೂಡು. ನೀ ನಿಂತ್ರ ಬಸ್ಸು ಓಡಂಗಿಲ್ಲ” ಎಂದರು.

ಗುಮಾಸ್ತರು ಕಪಾಟಿಗೆ ಬೀಗ ಹಾಕುತ್ತಿದ್ದರು. ನಮ್ಮನ್ನು ನೋಡಿ, ಗೊಣಗುತ್ತಲೇ ಪಟ್ಟಿ ತೆಗೆದುಕೊಂಡರು. ಹೊರಗೆ ಮೆಟ್ಟಿಲ ಮೇಲೆ ನಾನು ಅತ್ತೆ. ಅಕ್ಕೋರು ಪಕ್ಕದಲ್ಲಿ ಕುಳಿತರು.

“ತಪ್ಪು ನಂದೂ ಅದ. ನಾ ನೋಡಿದ್ನಲ್ಲ, ನನ್ನ ಕಣ್ಣಿಗೂ ಬೀಳ್ಲಿಲ್ಲ. ಅದಕ್ಕ ಇನ್ನೊಬ್ರು ನೋಡ್ಲಿ ಅಂತೀನಿ.”

ಹೆಂಡತಿ ಆಸ್ಪತ್ರೆಯಲ್ಲಿದ್ದವರು ನಾಲ್ಕು ತಿಂಗಳ ನಂತರ ಸರಿಯಾದ ತಿದ್ದುಪಡಿ ಕಳಿಸಿದರು. ಅದನ್ನು ಬಿಡುಗಡೆ ಮಾಡುವಾಗ ಅಕ್ಕೋರು ಅವರ ಹೆಸರಿನ ಜೊತೆಗೆ ನನ್ನದನ್ನೂ ಸೇರಿಸಿದ್ದರು.

ಕೆಲವು ವರ್ಷಗಳ ಮೇಲೆ, ನಿವೃತ್ತಿಗೆ ಮುಂಚೆಯೇ, ಅಕ್ಕೋರು ಹೃದಯಾಘಾತದಿಂದ ತೀರಿಕೊಂಡರು. ಅವರು ನೋಡಬೇಕಾಗಿದ್ದ ತಿದ್ದುಪಡಿಗಳು ಹಾಗೇ ಉಳಿದಿದ್ದವು. ಎಲ್ಲಿಯದೋ ಊರಿನ ಹುಡುಗಿಯೊಬ್ಬಳು ಸಿಟ್ಟಿನಿಂದ ಬರೆದಿದ್ದಳು: ನನ್ನದನ್ನು ಯಾರಾದರೂ ನೋಡುವುದುಂಟೋ ಇಲ್ಲವೋ?

ಅಕ್ಕೋರು ಇನ್ನಿಲ್ಲ, ನಾನು ನೋಡುತ್ತೇನೆ, ಆದರೆ ತಡವಾಗುತ್ತದೆ ಎಂದು ಅವಳಿಗೆ ಬರೆದು, ಮೊದಲ ಸಾಲಿನಿಂದ ಓದತೊಡಗಿದೆ.